ಎದುರು ಮನೆಯವರ ಉತ್ತರ

ನಮ್ಮೂರಲ್ಲಿ ಯಾರೂ ತಮ್ಮ ಮನೆ ವಿಷಯ ಹೊರಗಿನವರಿಗೆ ಹೇಳೋದಿಲ್ಲ. ಹೇಳಬಾರದು ಅಂತ ಕಟ್ಟಳೆ ಏನೂ ಇಲ್ಲ, ಹೇಳೋಕೆ ಆಗೋದಿಲ್ಲ ಅಷ್ಟೆ. ಮನೆಯೊಳಗೆ ಮನೆಯವರ ಹತ್ರ ಏನು ಬೇಕಾದ್ರೂ ಮಾತಾಡಬಹುದು, ಪಾತ್ರೆ ಎತ್ತಿ ಕುಕ್ಕಿ ಜಗಳ ಆಡಬಹುದು. ಆದ್ರೆ ಹೊರಗಿನವರ ಮುಂದೆ ನಿಂತು "ನಮ್ಮನೇಲಿ" ಅಂದ್ರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತೆ, ಮುಂದಕ್ಕೆ ಒಂದಕ್ಷರ ಹೊರಡಲ್ಲ. ಎದುರು ಮನೆ ವಿಷಯ ಕೇಳಿ, ಸರಾಗ. ನಾನೀಗ ಊರಿಂದ ಮೂವತ್ತು ಮೈಲಿ ಆಚೆ ಇದ್ದೀನಿ, ಅದಕ್ಕೇ ನನ್ನ ಬಾಯಿ ಇಷ್ಟು ಬಿಚ್ಚಿಕೊಂಡಿರೋದು. ಕೇಳೋಕೆ ನೀವು ಸಿಕ್ಕಿದ್ದೀರಿ, ನನ್ನ ಪುಣ್ಯ.

ಇದರಿಂದ ಏನಾದ್ರೂ ತೊಂದರೆ ಆಗ್ತಿತ್ತಾ ಅಂದ್ರೆ, ಅಂಥದ್ದೇನಿಲ್ಲ. ಎಲ್ಲ ರೂಢಿ ಆಗಿಹೋಗಿದೆ. ಡಾಕ್ಟರ ಹತ್ರ ಹೋಗೋವಾಗ ಎದುರು ಮನೆಯವರನ್ನ ಕರ್ಕೊಂಡು ಹೋಗ್ತೀವಿ. ಹೊಟ್ಟೆ ಹಿಡ್ಕೊಂಡು ನರಳೋದು ರೋಗಿ ಕೆಲಸ. "ಏನು ತಿಂದ್ರಿ" ಅಂತ ಡಾಕ್ಟರು ಕೇಳಿದಾಗ "ರಾತ್ರಿ ಹುರುಳಿ ಬಸ್ಸಾರು, ಮೂರು ಮುದ್ದೆ, ಮೇಲೆ ಅರ್ಧ ಹಲಸಿನ ಹಣ್ಣು ಸಾರ್" ಅನ್ನೋದು ಎದುರು ಮನೆಯವರ ಕೆಲಸ. ಸ್ಕೂಲಲ್ಲಿ ಮಗುವಿನ ಬಗ್ಗೆ ಮೇಷ್ಟ್ರು ವಿಚಾರಿಸಬೇಕಾದ್ರೆ ಎದುರು ಮನೆಗೆ ಚೀಟಿ ಕಳಿಸ್ತಾರೆ. ಬಾಡಿಗೆಗೆ ಮನೆ ನೋಡೋಕೆ ಬಂದೋರು ಮನೆ ನೋಡೋದೇ ಇಲ್ಲ. ತಿರುಗಿ ನಿಂತು ಎದುರಿಗೆ ಯಾರಿದ್ದಾರೆ ಅಂತ ನೋಡ್ತಾರೆ. ಇನ್ನು ಅಡುಗೆಮನೆ. ನಮ್ಮೂರಲ್ಲಿ ಅಡುಗೆಮನೆ ಕಟ್ಟೋದು ಬೀದಿ ಕಡೆಗೇ, ದೊಡ್ಡ ಕಿಟಕಿ ಇಟ್ಟು. ಮಲಗೋ ಕೋಣೆಗೆ ಪರದೆ ಹಾಕಿದ್ರೆ ಯಾರೂ ಏನೂ ಅನ್ನಲ್ಲ, ಅಡುಗೆಮನೆ ಕಿಟಕಿ ಮುಚ್ಚಿದ್ರೆ ಮಾತ್ರ "ಇವರಿಗೆ ಬುದ್ಧಿ ಕೆಟ್ಟಿದೆಯಾ, ನಾಳೆ ಇವರ ಪರವಾಗಿ ಮಾತಾಡೋರು ಯಾರು" ಅಂತಾರೆ. ಕೇಳದೆ ಹೇಳಬಾರದು, ಕೇಳಿದ್ರೆ ಬಿಡಬಾರದು. ನಮ್ಮೂರಿನ ಮರ್ಯಾದೆ ಇಷ್ಟೇ.

ನನ್ನ ಹೆಸರು ದಾಕ್ಷಾಯಣಮ್ಮ. ಸಾಮಾಜಿಕ ಅಭಿವೃದ್ಧಿ ಮತ್ತು ಕುಟುಂಬ ಕ್ಷೇಮ ಅಧ್ಯಯನ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಸರ್ವೆ ಕೆಲಸ. ಅಷ್ಟುದ್ದದ ಹೆಸರು ಹೇಳೋಷ್ಟರಲ್ಲಿ ಹಾಲು ಉಕ್ಕಿ ಹೋಗುತ್ತೆ ಅಂತ ಜನ ಅದಕ್ಕೆ "ಕ್ಷೇಮದ ಆಫೀಸು" ಅಂತಾರೆ, ನನಗೆ "ಕ್ಷೇಮದ ದಾಕ್ಷಾಯಣಮ್ಮ". ಎರಡು ವರ್ಷಕ್ಕೊಂದು ಸಲ ಐದು ಮನೆಗೊಂದು ಮನೆಯಂತೆ ಆರಿಸಿ, ಎದುರು ಮನೆ ಜಗಲಿ ಮೇಲೆ ಕೂತು, ಫಾರಂ ತುಂಬೋದು. ಆ ಮನೇಲಿ ಎಷ್ಟು ಜನ, ಹುಡುಗಿ ಸ್ಕೂಲಿಗೆ ಹೋಗ್ತಾಳಾ, ಯಾರು ಮೊದಲು ಊಟ ಮಾಡ್ತಾರೆ, ಯಾರು ಕೊನೇಲಿ, ಗಂಡ ಹೆಂಡತಿ ಮೇಲೆ ಕೈ ಮಾಡ್ತಾನಾ. ಬೇರೆ ಊರುಗಳಲ್ಲಿ ಈ ಪ್ರಶ್ನೆ ಮನೆಯವರನ್ನೇ ಕೇಳ್ತಾರಂತೆ. "ಅಯ್ಯೋ, ನಮ್ಮವರು ದೇವರಂಥೋರು" ಅಂತ ಉತ್ತರ ಬರುತ್ತಂತೆ. ನಮ್ಮೂರಲ್ಲಿ ಎದುರು ಮನೆಯಾಕೆ ಹುಣಿಸೆಹಣ್ಣು ಬಿಡಿಸ್ತಾ "ವಾರಕ್ಕೆರಡು ಸಲ. ಮಂಗಳವಾರ ಇಲ್ಲ, ಸಂತೆಗೆ ಹೋಗಿರ್ತಾನೆ" ಅಂತಾಳೆ. ನಾನು ಎರಡು ಅಂತ ಬರ್ಕೋತೀನಿ.

ಹೀಗಾಗಿ ಪ್ರತಿ ವರದೀಲೂ ನಮ್ಮೂರೇ ಎಲ್ಲದರಲ್ಲೂ ಹಿಂದೆ. ಇನ್ನೂರು ಊರಿನ ಪಟ್ಟೀಲಿ ಇನ್ನೂರನೇದು. ಕೇಂದ್ರದ ದೊಡ್ಡವರಿಗೆ ಗಾಬರಿಯಾಗಿ ಒಂದು ಸಲ ಸೋಪು ಕಳಿಸಿದ್ರು, ಒಂದು ಸಲ ಬೀದಿ ನಾಟಕದವರನ್ನ ಕಳಿಸಿದ್ರು. ನಾಟಕದಲ್ಲಿ ಅತ್ತೆ ಪಾತ್ರದವಳು ಚೆನ್ನಾಗಿ ಮಾಡಿದ್ಲು, ಜನ ಎರಡು ಸಲ ಆಡಿಸಿದ್ರು. ಅಂಕಿ ಕೆಳಗಿಳೀಲಿಲ್ಲ. ಕೊನೆಗೆ ಹೋದ ವರ್ಷ ಡಾಕ್ಟರ್ ಶಾರ್ವರಿ ಅನ್ನೋ ಮೇಡಂ ಬಂದ್ರು, ತಪ್ಪು ಎಲ್ಲಿದೆ ಅಂತ ಹುಡುಕೋಕೆ. ಓದಿದ ಹೆಂಗಸು, ಆದ್ರೆ ನೆಲದ ಮೇಲೆ ಕೂರೋಕೆ ಬೇಜಾರಿಲ್ಲ. ಆರು ವಾರ ನನ್ನ ಜೊತೆ ಜಗಲಿಯಿಂದ ಜಗಲಿಗೆ ಓಡಾಡಿದ್ರು. ಒಂದಿನ ಮಜ್ಜಿಗೆ ಕುಡೀತಾ "ದಾಕ್ಷಾಯಣಮ್ಮ, ನಿಮ್ಮೂರಲ್ಲಿ ತಪ್ಪಿಲ್ಲ. ತಪ್ಪಿರೋದು ಉಳಿದ ನೂರತೊಂಬತ್ತೊಂಬತ್ತು ಊರುಗಳಲ್ಲಿ. ಆದ್ರೆ ಹಾಗಂತ ಬರೆಯೋಕಾಗಲ್ಲ" ಅಂದ್ರು. ನನಗೆ ಹೆಮ್ಮೆ ಅನಿಸ್ತು, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಮನೆ ವಿಷಯಕ್ಕೆ ಬರ್ತೀನಿ. ಮನೇಲಿ ನಾವು ನಾಲ್ಕು ಜನ. ನಮ್ಮ ಯಜಮಾನರು, ನೀರಿನ ಪಂಪು ನೋಡ್ಕೊಳ್ಳೋ ಕೆಲಸದಿಂದ ರಿಟೈರಾದವರು. ಮಗ ಚಂದ್ರಮೌಳಿ, ಹಾಲಿನ ಬೂತಿದೆ. ನಾನು. ಮತ್ತೆ ಸೊಸೆ ಸುಕನ್ಯಾ. ಸುಕನ್ಯಾ ಮಾತು ಕಮ್ಮಿ, ಕೆಲಸ ಜಾಸ್ತಿ. ಎರಡು ಸಲ ಬಸುರಾಗಿ ಎರಡೂ ಸಲ ಆರನೇ ತಿಂಗಳಿಗೆ ಹೋಗಿಬಿಡ್ತು. ಎರಡನೇದು ಗಂಡುಮಗು, ಕೈಬೆರಳೆಲ್ಲ ಬಂದಿತ್ತು, ನಾನೇ ಬಟ್ಟೇಲಿ ಸುತ್ತಿದ್ದು. ಮೂರನೇ ಸಲ ನಾಲ್ಕು ತಿಂಗಳು ತುಂಬಿದಾಗ ಊರಿನ ಡಾಕ್ಟರು ರಕ್ತ ನೋಡಿ ನನ್ನನ್ನ ಪಕ್ಕಕ್ಕೆ ಕರೆದ್ರು. "ರಕ್ತ ಆರೇ ಆರು ಇದೆ. ಇವಳು ಹೆರಿಗೆವರೆಗೂ ಕೇಂದ್ರದ ಆಸ್ಪತ್ರೇಲಿ ಮಲಗಿರಬೇಕು, ಅಲ್ಲಿ ತಿನ್ನಿಸಿ ನೋಡ್ಕೋತಾರೆ. ಇದೂ ಕೈ ತಪ್ಪಿದ್ರೆ ತಾಯಿಗೂ ಗ್ಯಾರಂಟಿ ಕೊಡಲ್ಲ ನಾನು" ಅಂದ್ರು.

ಕೇಂದ್ರದ ಆಸ್ಪತ್ರೇಲಿ ಅಂಥ ಬಸುರಿಯರಿಗೆ ಹತ್ತೇ ಹಾಸಿಗೆ. ಬೇಕು ಅನ್ನೋರು ನೂರಾರು ಜನ. ಅದಕ್ಕೆ ಒಂದು ಫಾರಂ ಮಾಡಿದ್ದಾರೆ, ಹದಿನೈದು ಪ್ರಶ್ನೆ, ಒಟ್ಟು ಇಪ್ಪತ್ತೈದು ಮಾರ್ಕು. ಮೂರು ಪ್ರಶ್ನೆಗೆ ಜಾಸ್ತಿ ಮಾರ್ಕು, ಉಳಿದವಕ್ಕೆ ಒಂದೊಂದೇ. ಮನೆ ಸ್ಥಿತಿ ಕೆಟ್ಟದಾಗಿದ್ದಷ್ಟೂ ಮಾರ್ಕು ಜಾಸ್ತಿ. ಹದಿನೆಂಟು ದಾಟಿದ್ರೆ ಹಾಸಿಗೆ. ಈ ಫಾರಂ ನಾನು ಎಷ್ಟೋ ಜನಕ್ಕೆ ತುಂಬಿದ್ದೀನಿ, ಎಷ್ಟೋ ಹುಡುಗಿಯರನ್ನ ಬಸ್ಸು ಹತ್ತಿಸಿದ್ದೀನಿ. ಈಗ ನಮ್ಮನೆ ಫಾರಂ. ಉತ್ತರ ಹೇಳಬೇಕಾದೋರು ನಮ್ಮ ಎದುರು ಮನೆಯ ಜಯಶೀಲಮ್ಮ.

ಜಯಶೀಲಮ್ಮ ನನ್ನ ಹತ್ರ ಮಾತು ಬಿಟ್ಟು ಒಂಬತ್ತು ವರ್ಷ. ಆಕೆ ಮಗಳು ವನಜಾಕ್ಷಿಗೆ ಒಳ್ಳೇ ಕಡೆಯಿಂದ ಗಂಡು ಬಂದಿತ್ತು. ಗಂಡಿನ ಕಡೆಯವರು ಪದ್ಧತಿ ಪ್ರಕಾರ ನಮ್ಮನೆಗೆ ಬಂದು, ಚಾಪೆ ಮೇಲೆ ಕೂತು, ಹುಡುಗಿ ಹೇಗಮ್ಮ ಅಂತ ಕೇಳಿದ್ರು. ನಾನು ಒಳ್ಳೇದೆಲ್ಲ ಹೇಳಿದೆ. ವರ್ಷಕ್ಕೊಂದೆರಡು ಸಲ ಫಿಟ್ಸ್ ಬರುತ್ತೆ ಅಂತಾನೂ ಹೇಳಿದೆ. ಕೇಳಿದ್ರಲ್ಲ, ಹೇಳಿದೆ. ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋದ್ರು. ಆಮೇಲೆ ವನಜಾಕ್ಷಿಗೆ ಬೇರೆ ಕಡೆ ಮದುವೆ ಆಯ್ತು, ಟೀಚರ್ ಆಗಿದ್ದಾಳೆ, ಫಿಟ್ಸೂ ನಿಂತಿದೆ. ಆದ್ರೆ ತಾಯಿ ಹೊಟ್ಟೆ ಉರಿ ನಿಲ್ಲಬೇಕಲ್ಲ. ಅವತ್ತಿನಿಂದ ಬೀದೀಲಿ ಎದುರಾದ್ರೆ ನನ್ನ ಬದಲು ನನ್ನ ಹಿಂದಿರೋ ಕಂಬ ನೋಡ್ತಾಳೆ.

ನನಗೆ ಭಯ ಹತ್ತಿಕೊಂಡಿದ್ದು ಬೇರೆ ವಿಷಯಕ್ಕೆ. ಬೇರೆ ಊರಲ್ಲಿ ಹಗೆ ತೀರಿಸೋಕೆ ಬಯ್ದು ಸಾರ್ತಾರೆ. ಈ ಫಾರಂ ಬಂದ ಮೇಲೆ ನಮ್ಮೂರಲ್ಲಿ ಹೊಗಳಿದ್ರೆ ಸಾಕು. "ಆ ಮನೇಲಿ ಏನೂ ಕೊರತೆ ಇಲ್ಲ, ರಾಜಭೋಗ" ಅಂತ ಎದುರು ಮನೆಯವರು ಒಂದು ಮಾತಂದ್ರೆ ಹಾಸಿಗೆ ಹೋಯ್ತು. ಕೆರೆ ಬೀದಿಯ ಒಬ್ಬಾಕೆ ಹಾಗೆ ಹೊಗಳಿ ಹೊಗಳಿ ಎದುರು ಮನೆ ಹುಡುಗೀನ ಮಣ್ಣಿಗೆ ಕಳಿಸಿದ್ದನ್ನ ನಾನು ಕಣ್ಣಾರೆ ಕಂಡಿದ್ದೆ, ಕೈಯಾರೆ ಬರೆದಿದ್ದೆ.

ಮಾನ ಬಿಟ್ಟು ಕೇಳಿಕೊಳ್ಳೋಣ ಅಂತ ಒಂದು ಸಾಯಂಕಾಲ ಬಟ್ಟಲು ತುಂಬ ಶೇಂಗಾ ಚಟ್ನಿಪುಡಿ ತಗೊಂಡು ಬೀದಿ ದಾಟಿದೆ. ಜಯಶೀಲಮ್ಮ ಬಾಗಿಲಲ್ಲಿ ನಿಂತಿದ್ಲು. "ನಮ್ಮ ಸುಕನ್ಯಾ" ಅಂದೆ. ಅಷ್ಟೇ, ನಾಲಿಗೆ ಮೇಲಕ್ಕೆ ಅಂಟಿಕೊಂಡ್ತು. ಇನ್ನೊಂದು ಸಲ ಪ್ರಯತ್ನಪಟ್ಟೆ. ಗಂಟಲಲ್ಲಿ ಕೋಳಿ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಇದೆಂಥ ಕರ್ಮ ಅಂತೀರಿ, ಬೇಡಿಕೊಳ್ಳೋಕಾದ್ರೂ ಬಾಯಿ ಬರಬೇಡವೇ! ಆಕೆ ನನ್ನ ಮುಖ, ಬಟ್ಟಲು, ಹಿಂದಿನ ಕಂಬ ಮೂರನ್ನೂ ನೋಡಿದ್ಲು. ಕೊನೆಗೆ ನಾನು "ಬಿಸಿಲು ಜಾಸ್ತಿ ಈ ಸಲ" ಅಂದೆ. ಒಂಬತ್ತು ವರ್ಷದ ಮೇಲೆ ಮೊದಲ ಮಾತು ಅದು. "ಹೂಂ" ಅಂದ್ಲು. ಬಟ್ಟಲು ತಗೊಳ್ಳಲಿಲ್ಲ. ನಾನು ವಾಪಸ್ ತಂದು ಡಬ್ಬಿಗೆ ಸುರಿದೆ.

ಗುರುವಾರ ಬೆಳಿಗ್ಗೆ ಶಾರ್ವರಿ ಮೇಡಂ ಬಂದ್ರು. ನಮ್ಮನೆ ಫಾರಂ ನಾನೇ ತುಂಬೋ ಹಾಗಿಲ್ಲವಲ್ಲ, ಪ್ರಶ್ನೆ ಅವರು ಕೇಳೋದು, ಮಾರ್ಕು ಹಾಕೋಕೆ ಮಾತ್ರ ನಾನು, ಯಾಕಂದ್ರೆ ಕೇಂದ್ರದ ಮಾರ್ಕಿನ ಲೆಕ್ಕ ಮೇಡಂಗೂ ಪೂರ್ತಿ ಬರಲ್ಲ. ಜಯಶೀಲಮ್ಮನ ಜಗಲಿ ಮೇಲೆ ಮೂವರೂ ಕೂತ್ವಿ. ಆಕೆ ಮಡಿಲಲ್ಲಿ ಅವರೆಕಾಯಿ. ಅಲ್ಲಿಂದ ನಮ್ಮ ಅಡುಗೆಮನೆ ಕಿಟಕಿ ನೇರ ಕಾಣುತ್ತೆ. ಒಳಗೆ ಸುಕನ್ಯಾ ಒಲೆ ಮುಂದೆ ನಿಂತಿದ್ಲು. ಇಷ್ಟು ವರ್ಷ ಊರಿನ ಜಗಲಿಗಳ ಮೇಲೆಲ್ಲ ಕೂತಿದ್ದೀನಿ, ನಮ್ಮನೆಯನ್ನ ಈ ಕಡೆಯಿಂದ ಕೂತು ನೋಡಿದ್ದು ಅವತ್ತೇ.

"ಆ ಮನೇಲಿ ಹಾಲು ಇರುತ್ತಾ?" ಮೇಡಂ ಕೇಳಿದ್ರು.

"ದಿನಾ ಎರಡು ಲೀಟರು" ಅಂದ್ಲು ಜಯಶೀಲಮ್ಮ.

"ತರಕಾರಿ, ಹಣ್ಣು?"

"ಬುಟ್ಟಿ ತುಂಬ."

"ಬೇಳೆ, ತುಪ್ಪ?"

"ಕೊರತೆ ಇಲ್ಲ."

ಸೊನ್ನೆ, ಸೊನ್ನೆ, ಸೊನ್ನೆ ಅಂತ ಬರ್ಕೊಂಡೆ. ಸೇಡು ತೀರಿಸಿಕೊಳ್ತಿದ್ದಾಳೆ, ಹೊಗಳ್ತಿದ್ದಾಳೆ, ನನ್ನ ಸೊಸೆ ಸತ್ತಳು ಅಂದ್ಕೊಂಡೆ. ಎದ್ದು ಅವಳ ಕಾಲು ಹಿಡ್ಕೊಳ್ಳೋಣ ಅನಿಸ್ತು. ಹಿಡ್ಕೊಂಡು ಏನಂತ ಹೇಳೋದು? ಇನ್ನು ನಾಲ್ಕು ಮಾರ್ಕು ಹೋದ್ರೆ ಮುಗೀತು ಅಂತ ಫಾರಮ್ಮಿನ ತುದಿ ಹಿಡ್ಕೊಂಡು ಕೂತೆ.

"ಸರಿ, ಆ ಮನೇಲಿ ಕೊನೇಲಿ ಊಟ ಮಾಡೋದು ಯಾರು?" ಮೇಡಂ ಮುಂದಿನ ಪ್ರಶ್ನೆಗೆ ಹೋದ್ರು.

ಜಯಶೀಲಮ್ಮ ಅವರೆಕಾಯಿ ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸ್ಕೊಂಡ್ಲು. "ಎರಡು ಲೀಟರ್ ಹಾಲು ಬರುತ್ತೆ ಅಂದ್ನಲ್ಲ ಮೇಡಂ. ಒಂದು ಲೋಟ ಯಜಮಾನರಿಗೆ. ಒಂದು ಲೋಟ ಮಗನಿಗೆ. ಕಾಫಿಗಿಷ್ಟು, ಉಳಿದದ್ದು ಮೊಸರಿಗೆ. ಆ ಹುಡುಗಿ ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಿ ಆ ನೀರು ಕುಡೀತಾಳೆ. ಗಂಡಸರು ಒಂದು ಗಂಟೆಗೆ ಊಟ ಮಾಡ್ತಾರೆ. ಅತ್ತೆ ಸರ್ವೆ ಮುಗಿಸಿ ಬರೋದು ಎರಡೂವರೆಗೆ, ಅಲ್ಲೀತನಕ ಇವಳು ತಟ್ಟೆ ಮುಟ್ಟೋ ಹಾಗಿಲ್ಲ. ಅವರು ಬಂದು ಕೂತು, ಊರಲ್ಲಿ ಯಾವ ಯಾವ ಸೊಸೆ ಉಪವಾಸ ಇದ್ದಾಳೆ ಅಂತ ಹೇಳ್ಕೊಂಡು ಮರುಗ್ತಾ ಊಟ ಮಾಡ್ತಾರೆ. ಇವಳು ಬಡಿಸ್ತಾ ಹೂಂ ಹೂಂ ಅಂತಿರ್ತಾಳೆ. ಆಮೇಲೆ ತಳ ಕೆರ್ಕೊಂಡು ತಿಂತಾಳೆ. ಎಷ್ಟೋ ದಿನ ತಳಾನೂ ಇರಲ್ಲ."

ಮೇಡಂ ನನ್ನ ಕಡೆ ನೋಡಲಿಲ್ಲ. ಫಾರಮ್ಮಿನಲ್ಲಿ ಇಲ್ಲದ ಪ್ರಶ್ನೆ ಒಂದು ಕೇಳಿದ್ರು. "ಇದು ಅತ್ತೆಗೆ ಗೊತ್ತಾ?"

"ಅಕ್ಕಿ ಅಳೆದು ಕೊಡೋರು ಅವರೇ" ಅಂದ್ಲು ಜಯಶೀಲಮ್ಮ. ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ರೆ ನನಗೆ ಎಷ್ಟೋ ಸಲೀಸಾಗ್ತಿತ್ತು.

"ಇಷ್ಟು ವರ್ಷ ನೋಡಿದ್ದೀರಲ್ಲ, ಯಾರಿಗಾದ್ರೂ ಹೇಳಬಾರದಿತ್ತಾ?"

"ಯಾರೂ ಕೇಳಲಿಲ್ಲ ಮೇಡಂ. ಸರ್ವೆಯೋರು ನಮ್ಮ ಜಗಲಿಗೆ ಬಂದಿದ್ದೇ ಇವತ್ತು."

ನಾನು ಹೇಳಬೇಕು ಅಂತ ಎಷ್ಟೊಂದು ಇತ್ತು ಗೊತ್ತಾ ನಿಮಗೆ? ನಮ್ಮನೇಲಿ ಮೊದಲಿನಿಂದ ಹೀಗೇ ನಡ್ಕೊಂಡು ಬಂದಿದೆ ಅಂತ. ನಮ್ಮತ್ತೆ ಕಾಲದಲ್ಲಿ ನಾನೂ ಹದಿನಾಲ್ಕು ವರ್ಷ ತಳ ಕೆರೆದು ತಿಂದಿದ್ದೀನಿ, ನನಗೇನೂ ಆಗಲಿಲ್ಲ ಅಂತ. "ಊಟ ಆಯ್ತೇನೆ" ಅಂತ ದಿನಾ ಕೇಳ್ತೀನಿ, "ಆಯ್ತು ಅತ್ತೆ" ಅಂತಾಳೆ, ನಾನೇನು ಕನಸು ಕಾಣಬೇಕಾ ಅಂತ. ಒಂದೂ ಹೊರಡಲಿಲ್ಲ. ಬಾಯಿ ಇದ್ದಿದ್ರೂ ಅದರಲ್ಲಿ ಯಾವುದನ್ನ ಪೂರ್ತಿ ಮಾಡ್ತಿದ್ನೋ ಗೊತ್ತಿಲ್ಲ. ಎಷ್ಟೋ ಮನೇಲಿ ಇದೇ ಉತ್ತರ ಕೇಳಿ "ಅಯ್ಯೋ ಪಾಪ, ಎಂಥ ಅತ್ತೆಯೋ" ಅಂತ ಲೊಚಗುಟ್ಟಿದ್ದೀನಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕೊನೇಲಿ ತಿನ್ನೋದು ಗರ್ಭಿಣಿ ಆಗಿದ್ರೆ ನಾಲ್ಕು ಮಾರ್ಕು. ಅವಳಿಗೆ ಊಟ ಉಳಿಯದೇ ಇದ್ರೆ ಇನ್ನೂ ನಾಲ್ಕು. ಮನೇಲಿ ಇದ್ದೂ ಕೊಡದೇ ಇದ್ರೆ ಐದು. ನನ್ನ ಕೈಯಾರೆ ಬರೆದೆ. ಎಲ್ಲ ಮುಗಿದಾಗ ಒಟ್ಟು ಇಪ್ಪತ್ತೆರಡು ಆಗಿತ್ತು, ಆ ಸಲದ ಪಟ್ಟೀಲಿ ಎಲ್ಲರಿಗಿಂತ ಮೇಲೆ.

ಎದ್ದು ಹೊರಡೋವಾಗ ಜಯಶೀಲಮ್ಮ ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ್ಲು. "ನೀನು ವನಜನ ವಿಷಯ ಹೇಳಿದಾಗ ನಾನು ಮೂರು ದಿನ ಅತ್ತೆ. ನಿನ್ನ ಸೊಸೇನ ನೋಡಿ ಮೂರು ವರ್ಷ ಅತ್ತಿದ್ದೀನಿ. ಹೋಗು, ಬೇಗ ಬಸ್ಸು ಹತ್ತಿಸು."

ಮನೆಗೆ ಬಂದು ಎರಡು ದಿನ ಪಾತ್ರೆ ಎತ್ತಿ ಕುಕ್ಕಿದ್ದೇ ಕುಕ್ಕಿದ್ದು. ಕೋಪ ಜಯಶೀಲಮ್ಮನ ಮೇಲೋ, ಕಿಟಕಿ ಮೇಲೋ, ಸುಕನ್ಯಾ ಮೇಲೋ ತಿಳೀಲಿಲ್ಲ. ಮೂರನೇ ದಿನ ಕೋಪ ಇಳಿದು ಬರೀ ನಾಚಿಕೆ ಉಳೀತು. ಅವತ್ತು ಮಧ್ಯಾಹ್ನ ಎಲ್ಲರಿಗಿಂತ ಮೊದಲು ಸುಕನ್ಯಾಗೆ ತಟ್ಟೆ ಹಾಕಿ, ಅನ್ನ, ತೊವ್ವೆ, ತುಪ್ಪ ಬಡಿಸಿ, "ತಿನ್ನು" ಅಂದೆ. ಅವಳು ತಟ್ಟೆ ಮುಂದೆ ಕೂತಳು. ತಿನ್ನಲಿಲ್ಲ. ನಮ್ಮ ಯಜಮಾನರು ಬಂದು ತಿಂದು ಕೈ ತೊಳೆದ್ರು, ಮಗ ಮೌಳಿ ತಿಂದು ಎದ್ದ, ನಾನು ತಿಂದೆ. ಆಮೇಲೆ ಅವಳು ತಣ್ಣಗಾದ ಅನ್ನಕ್ಕೆ ಕೈ ಹಾಕಿದ್ಲು. "ಯಾಕೆ ಹೀಗ್ಮಾಡ್ತೀಯೆ" ಅಂತ ರೇಗಿದೆ. "ಮೊದಲು ತಿಂದ್ರೆ ಗಂಟಲಲ್ಲಿ ಇಳಿಯಲ್ಲ ಅತ್ತೆ" ಅಂದ್ಲು. ಇಷ್ಟು ಚೆನ್ನಾಗಿ ಕಲಿಸಿದ್ದೆ ನಾನು. ಬಚ್ಚಲಿಗೆ ಹೋಗಿ ನೀರು ಬಿಟ್ಕೊಂಡು ಅತ್ತೆ.

ಸೋಮವಾರ ಬಸ್ಸು ಹತ್ತಿದ್ವಿ. ನಮ್ಮೂರ ಬಸ್ಸಿನ ವಿಚಾರ ನಿಮಗೆ ಹೇಳಲೇಬೇಕು. ಊರ ಗಡಿ ಕಲ್ಲು ಬರೋವರೆಗೆ ಬಸ್ಸೊಳಗೆ ಮಳೆ ಬೆಳೆ ಬಿಟ್ರೆ ಬೇರೆ ಮಾತಿಲ್ಲ. ಕಲ್ಲು ದಾಟಿದ್ದೇ ತಡ, ಎಲ್ಲರೂ ಒಟ್ಟಿಗೆ ಶುರು. "ನಮ್ಮನೇಲಿ ಹೆಂಗಸರಿಗೆ ಎಷ್ಟು ಮರ್ಯಾದೆ ಗೊತ್ತಾ!" "ನಮ್ಮ ಮಗ ನನ್ನ ಕೇಳದೆ ಒಂದು ಹೆಜ್ಜೆ ಇಡಲ್ಲ!" ಹಿಂದಿನ ಸೀಟಲ್ಲಿ ಕೂತಿದ್ದವನು, ಮಂಗಳವಾರ ಬಿಟ್ಟು ಹೊಡೀತಾನೆ ಅಂತ ನಾನೇ ಬರ್ಕೊಂಡಿದ್ದವನು, ಹೆಂಡತಿ ಅಂದ್ರೆ ಮನೆಯ ಲಕ್ಷ್ಮಿ ಅಂತ ಕಂಡಕ್ಟರಿಗೆ ವಿವರಿಸ್ತಿದ್ದ. ಸುಕನ್ಯಾ ಕಿಟಕಿ ಕಡೆ ತಲೆ ಆನಿಸಿ ಕಣ್ಮುಚ್ಚಿದ್ಲು. ನಾನು ನಾಲಿಗೇನ ಬಾಯೊಳಗೆ ಅತ್ತಿತ್ತ ಆಡಿಸಿ ನೋಡಿದೆ. ಸಡಿಲವಾಗಿತ್ತು.

ಇಲ್ಲಿಗೆ ಬಂದು ಈಗ ಒಂಬತ್ತು ವಾರ. ಆರನೇ ತಿಂಗಳು ದಾಟಿತು. ರಕ್ತ ಒಂಬತ್ತೂವರೆಗೆ ಏರಿದೆ, ಮಗು ಒದೀತಿದೆಯಂತೆ. ಆದ್ರೆ ನಾನು ನಿಮಗೆ ಹೇಳೋಕೆ ಹೊರಟಿದ್ದು ಇದಲ್ಲ, ಮೊದಲನೇ ದಿನದ ಮಾತು.

ಹಾಸಿಗೆ ಮೇಲೆ ಸುಕನ್ಯಾ ಮಲಗಿದ್ಲು, ಪಕ್ಕದ ಸ್ಟೂಲ್ ಮೇಲೆ ನಾನು. ವಾರ್ಡಿನ ಸಿಸ್ಟರ್ ಒಬ್ಬರು ದಾಖಲೆ ಪುಸ್ತಕ ಹಿಡ್ಕೊಂಡು ಬಂದ್ರು. ಹೆಸರು, ವಯಸ್ಸು, ಎಷ್ಟನೇ ಬಸುರು ಎಲ್ಲ ಬರ್ಕೊಂಡು, "ಮನೇಲಿ ಊಟ ಹೇಗಮ್ಮ? ಇವರು ಯಾವಾಗ ತಿಂತಾರೆ, ಮೊದಲೋ ಕೊನೆಗೋ?" ಅಂತ ನನ್ನನ್ನ ಕೇಳಿದ್ರು. ಅದೇ ಪ್ರಶ್ನೆ. ನಾನು ತಿರುಗಿ ಎದುರು ಮನೆ ಹುಡುಕಿದೆ. ಎದುರಿಗಿದ್ದದ್ದು ಸುಣ್ಣದ ಗೋಡೆ, ಅದರ ಮೇಲೊಂದು ಕ್ಯಾಲೆಂಡರ್. ನಾನೇ ಹೇಳಬೇಕಿತ್ತು.

"ನಮ್ಮನೇಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡ್ತೀವಿ ಸಿಸ್ಟರ್" ಅಂದೆ. "ಅದರಲ್ಲೂ ಸೊಸೆಗೇ ಮೊದಲು ಬಡಿಸೋದು."

ಐವತ್ತೆಂಟು ವರ್ಷಕ್ಕೆ ನನ್ನ ಮನೆ ಬಗ್ಗೆ ಹೊರಗಿನವರ ಮುಂದೆ ನಾನಾಡಿದ ಮೊದಲ ಮಾತು. ಏನೂ ಕಷ್ಟ ಆಗಲಿಲ್ಲ, ಬೆಣ್ಣೆ ಜಾರಿದ ಹಾಗೆ ಜಾರಿಬಂತು. ಸಿಸ್ಟರ್ "ಒಳ್ಳೇದು" ಅಂತ ಬರ್ಕೊಂಡ್ರು.

"ಸಿಸ್ಟರ್."

ಸುಕನ್ಯಾ ಮೊಣಕೈ ಊರಿ ಅರ್ಧ ಎದ್ದಿದ್ಲು. ಅಷ್ಟು ದೊಡ್ಡ ದನಿ ಅವಳಿಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಅದು ಹಾಗಲ್ಲ ಸಿಸ್ಟರ್. ನಾನು ಕೊನೇಲಿ ತಿನ್ನೋದು. ಉಳಿದಿದ್ರೆ."

ಹೇಳಿ ಅವಳೇ ಬೆಚ್ಚಿಬಿದ್ದು ಬಾಯಿ ಮುಟ್ಟಿ ನೋಡ್ಕೊಂಡ್ಲು. ಸಿಸ್ಟರ್ ಪೆನ್ನು ಎತ್ತಿ ನನ್ನ ಮುಖ ನೋಡಿದ್ರು, ಅವಳ ಮುಖ ನೋಡಿದ್ರು. "ಯಾವುದು ಬರ್ಕೊಳ್ಳಲಮ್ಮ?" ಅಂತ ನನ್ನನ್ನೇ ಕೇಳಿದ್ರು.

ಇನ್ನೊಂದು ಸುಳ್ಳು ನಾಲಿಗೆ ತುದೀಲಿ ರೆಡಿ ಇತ್ತು. ಬಿಸಿಲಿಗೆ ಬಂದು ತಲೆ ಸುತ್ತಿದೆ ಅವಳಿಗೆ, ಏನೇನೋ ಅಂತಾಳೆ ಅಂತ. ಸುಕನ್ಯಾ ನನ್ನನ್ನೇ ನೋಡ್ತಿದ್ಲು. ಮೂರು ವರ್ಷದಲ್ಲಿ ಅವಳು ಕಣ್ಣು ತಗ್ಗಿಸದೆ ನನ್ನ ನೋಡಿದ್ದು ಅದೇ ಮೊದಲು.

"ನನ್ನದು ಹೊಡೆದುಹಾಕಿ ಸಿಸ್ಟರ್. ಅವಳು ಹೇಳಿದ್ದು ಬರ್ಕೊಳ್ಳಿ" ಅಂದೆ.

ಸಿಸ್ಟರ್ ಗೀಟು ಹೊಡೆದು ಪಕ್ಕದಲ್ಲಿ ಬರೆದ್ರು. ಮುಂದಿನ ಹಾಸಿಗೆಗೆ ಹೋಗೋಕೆ ಅಂತ ತಿರುಗಿದ್ರು. ಸುಕನ್ಯಾ ಅವರ ಸೆರಗು ಹಿಡ್ಕೊಂಡ್ಲು.

"ಇನ್ನೂ ಇದೆ ಸಿಸ್ಟರ್, ಬರ್ಕೊಳ್ಳಿ."

ನಾನು ಎದ್ದು ನನ್ನ ಸ್ಟೂಲು ಸಿಸ್ಟರಿಗೆ ಕೊಟ್ಟೆ. ಹೊರಗೆ ಹೋಗಿಬಿಡೋಣ ಅನಿಸ್ತು, ಹೋಗಲಿಲ್ಲ. ಹಾಸಿಗೆ ಕಾಲ ಕಡೆ ಕಂಬಿ ಹಿಡ್ಕೊಂಡು ನಿಂತು ಕೇಳಿದೆ. ಮುಕ್ಕಾಲು ಗಂಟೆ ಹೇಳಿದ್ಲು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.